ಕಡತ ಲಭ್ಯವಿಲ್ಲ

ಅಮೆರಿಕದವರಿಗೆ ದುಡ್ಡು ಹೆಚ್ಚಾಗಿದೆ. 1989ರಲ್ಲಿ ಪೆನ್ಸಿಲ್ವೇನಿಯಾದ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬಾತ ನಾಲ್ಕು ಡಾಲರ್ ಕೊಟ್ಟು ಒಂದು ಹರಕು ಚಿತ್ರ ಕೊಂಡ. ಅವನ ಕಣ್ಣಿದ್ದದ್ದು ಚೌಕಟ್ಟಿನ ಮೇಲೆ. ಬಿಚ್ಚಿ ನೋಡಿದರೆ ಚಿತ್ರದ ಹಿಂದೆ ಮಡಿಸಿಟ್ಟ ಒಂದು ಕಾಗದ. 1776ರ ಜುಲೈಯಲ್ಲಿ ಅಚ್ಚಾದ ಸ್ವಾತಂತ್ರ್ಯ ಘೋಷಣೆಯ ಮೊದಲ ಮುದ್ರಣ! ಅದು 1991ರಲ್ಲಿ 24 ಲಕ್ಷ ಡಾಲರಿಗೆ, 2000ದಲ್ಲಿ 81 ಲಕ್ಷ ಡಾಲರಿಗೆ ಹರಾಜಾಯಿತು. 2021ರಲ್ಲಿ ಆ ದೇಶದ ಸಂವಿಧಾನದ ಮೊದಲ ಮುದ್ರಣದ ಒಂದು ಪ್ರತಿ 4.32 ಕೋಟಿ ಡಾಲರಿಗೆ, ಅಂದರೆ ಸುಮಾರು 320 ಕೋಟಿ ರೂಪಾಯಿಗೆ ಹೋಯಿತು. ನಮ್ಮ ಚನ್ನಗಿರಿ ಸೀಮೆಯಲ್ಲಿ ಬೆಳಗೆದ್ದರೆ ಅಡಿಕೆಯ ದರ ಎಲ್ಲರಿಗೂ ಬಾಯಿಪಾಠ. ಹಳೇ ಕಾಗದಕ್ಕೆ ಮಾತ್ರ ಇರುವುದು ಕೆ.ಜಿ. ದರ. ಅದೂ ಒದ್ದೆಯಾಗಿದ್ದರೆ ಗುಜರಿಯವನು ಮುಖ ಸಿಂಡರಿಸುತ್ತಾನೆ.

ಆ ಘೋಷಣೆ ಅಚ್ಚಾದ ಕಾಲದಲ್ಲಿ ನಾವೇನೂ ಕೈಕಟ್ಟಿ ಕೂತಿರಲಿಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದ. ಬ್ರಿಟಿಷರ ಈ ವೈರಿ ಅಮೆರಿಕದವರಿಗೆ ಎಷ್ಟು ಹಿಡಿಸಿದನೆಂದರೆ ತಮ್ಮ ಒಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಟ್ಟರು. ಆ ‘ಹೈದರಾಲಿ’ 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು. ಫಿಲಿಪ್ ಫ್ರೆನೋ ಎಂಬ ಕವಿ ಅದರ ಮೇಲೆ ಪದ್ಯವನ್ನೂ ಬರೆದ. ನಮ್ಮ ಹೈದರನ ಹೆಸರಿನ ಹಡಗಿನ ಕಥೆ ಅವರಲ್ಲಿ ಭದ್ರವಾಗಿದೆ. ಅದೇ ಕಾಲದಲ್ಲಿ ನಮ್ಮೂರ ಶಾನುಭೋಗರು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಮೆತ್ತಿ, ಬಳಪದಲ್ಲಿ ಬರೆದ ಲೆಕ್ಕಗಳಲ್ಲಿ ಎಷ್ಟು ಉಳಿದಿವೆ ಎಂದು ಗೆದ್ದಲನ್ನೇ ಕೇಳಬೇಕು.

ಮುಜುಗರದ ಸಂಗತಿಯೆಂದರೆ, ನಮ್ಮಿಂದ ಹೋದದ್ದೇ ಉಳಿದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಗ್ರಂಥಭಂಡಾರವನ್ನು ಕಂಪನಿಯವರು ಹೊತ್ತೊಯ್ದರು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಕಾಲಿನ್ ಮೆಕೆಂಝಿ ಮೈಸೂರು ಸೀಮೆಯನ್ನು ಸರ್ವೆ ಮಾಡುತ್ತಾ ಊರೂರಿನ ಕೈಫಿಯತ್ತು, ಅಂದರೆ ಸ್ಥಳೀಯ ಚರಿತ್ರೆ, ಬರೆಸಿಕೊಂಡ. 1821ರಲ್ಲಿ ಅವನು ತೀರಿಕೊಂಡ ಮೇಲೆ ಆ ಸಂಗ್ರಹಕ್ಕೆ ಕಂಪನಿ ಅವನ ಹೆಂಡತಿಗೆ ಕೊಟ್ಟದ್ದು ಒಂದು ಲಕ್ಷ ರೂಪಾಯಿ. ಎಂ.ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಹೊರತರಲು ಸಾಧ್ಯವಾದದ್ದು ಆ ಪರದೇಶಿಯ ಹುಚ್ಚಿನಿಂದ. ಮನೆಯಲ್ಲೇ ಉಳಿದ ಓಲೆಗರಿಗಳಿಗೆ ನಾವು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದೆವು, ಆಮೇಲೆ ಭಕ್ತಿಯಿಂದಲೇ ಹೊಳೆಗೆ ಬಿಟ್ಟೆವು.

ನಮ್ಮ ಚನ್ನಗಿರಿಯ ಸೂಳೆಕೆರೆಗೆ ಬನ್ನಿ. ಜನ ಹೇಳುವ ಪ್ರಕಾರ, ಸ್ವರ್ಗವತಿ ಪಟ್ಟಣದ ದೊರೆಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಸೂಳೆಗೇರಿಯ ಹೆಂಗಸರು ತಮ್ಮ ಜಾಗ ಬಿಟ್ಟುಕೊಟ್ಟರು. ಅವರು ಪರಿಹಾರ ಕೇಳಲಿಲ್ಲ, ಬದಲಿ ನಿವೇಶನ ಕೇಳಲಿಲ್ಲ. ಹಾಕಿದ್ದು ಒಂದೇ ಷರತ್ತು: ಕೆರೆಗೆ ನಮ್ಮ ಹೆಸರಿರಬೇಕು. ಕಾಗದ ಪತ್ರವಿಲ್ಲದ ಆ ಬಾಯಿಮಾತನ್ನು ಜನ ನೂರಾರು ವರ್ಷ ಪಾಲಿಸಿದರು. ಮರ್ಯಾದಸ್ಥರಾದ ನಾವು ‘ಶಾಂತಿಸಾಗರ’ ಎಂದು ಬೋರ್ಡು ಬರೆಸಿ ಷರತ್ತು ಮುರಿದೆವು. ಆ ಹೆಂಗಸರ ಜಾಗದಲ್ಲಿ ನಿಂತ ನೀರನ್ನು ಕುಡಿಯಲು ಮಾತ್ರ ನಮಗೆ ಯಾವ ಸಂಕೋಚವೂ ಇಲ್ಲ.

ಈಗ ಕೆರೆಯ ಅಳತೆಯ ಮಾತು. ಸಾಮಾನ್ಯವಾಗಿ ಹೇಳುವುದು 6,550 ಎಕರೆ. ಒತ್ತುವರಿ ತೆರವು ಮಾಡಿ, ಗಡಿ ಗುರುತಿಸಿ ಎಂದು ಜನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಾರೆ. ಗಡಿ ಗುರುತಿಸಲು ದಾಖಲೆ ಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಒಡೆದು ತಾಲ್ಲೂಕಾಯಿತು. ಯಾವ ಗುಮಾಸ್ತನಿಗೂ ಇದಕ್ಕಿಂತ ದೊಡ್ಡ ವರ ಬೇಕೇ? ಇಲ್ಲಿ ಕೇಳಿದರೆ “ಅದು ಹಳೇ ಜಿಲ್ಲೇಲಿ ಐತೆ ನೋಡ್ರಿ,” ಅಲ್ಲಿ ಹೋದರೆ “ಅವತ್ತೇ ನಿಮ್ಮ ಜಿಲ್ಲೆಗೆ ಕಳ್ಸೀವಲ್ಲ ಸ್ವಾಮಿ.” ಎರಡು ಜಿಲ್ಲೆಗಳ ನಡುವೆ ಕಡತ ಯಾವ ಬಸ್‌ಸ್ಟ್ಯಾಂಡಿನಲ್ಲಿ ಇಳಿದುಕೊಂಡಿತೋ!

ಇದನ್ನು ಜನ ನಿರ್ಲಕ್ಷ್ಯ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗೆದ್ದಲು ಒಂದೇ ಸಮನೆ ತಿನ್ನುತ್ತದೆ. ಪಹಣಿಯ ಒಂದು ಪುಟ, ನಕಾಶೆಯ ಒಂದು ಮೂಲೆ ಎಂದು ಆರಿಸಿ ತಿನ್ನುವ ಗೆದ್ದಲಿಗೆ ಎರಡು ಕಾಲಿರುತ್ತವೆ. ಇಂಥ ಗೆದ್ದಲಿನ ಭಯ ಹಿಂದೆಯೂ ಇತ್ತು. ಬಿ.ಎಲ್. ರೈಸ್ 1902ರಲ್ಲಿ ಚನ್ನಗಿರಿ, ಹೊನ್ನಾಳಿಯ ಶಾಸನಗಳನ್ನು ಅಚ್ಚು ಹಾಕಿಸಿದ. ಆ ಕಲ್ಲುಗಳಲ್ಲಿ ದತ್ತಿಯ ಗದ್ದೆಗೆ ಮೂಡಲಲ್ಲಿ ಏನು, ಪಡುವಲಲ್ಲಿ ಏನು ಎಂದು ಎಲ್ಲೆ ಬರೆದು, ಅಳಿಸಿದವನಿಗೆ ಶಾಪವನ್ನೂ ಹಾಕಿರುತ್ತಾರೆ. ನಮ್ಮ ಹಿರಿಯರಿಗೆ ತಮ್ಮ ಮೊಮ್ಮಕ್ಕಳ ಪರಿಚಯ ಚೆನ್ನಾಗಿತ್ತು. ಅಮೆರಿಕದ ಕಾಗದಕ್ಕೆ ಬೆಲೆ ಬಂದಿರುವುದು ಅದು ಉಳಿದದ್ದರಿಂದ. ನಮ್ಮಲ್ಲಿ ಕೆಲವು ಕಾಗದಗಳಿಗೆ ಬೆಲೆ ಬರುವುದು ಅವು ಕಾಣೆಯಾದಾಗ.

ಕಾನೂನಿಲ್ಲವೆಂದಲ್ಲ. 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯಲ್ಲಿ ಜೈಲಿಗೂ ಅವಕಾಶವಿದೆ. 2024ರಿಂದ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಸ್ಕ್ಯಾನರಿಗೆ ಕಾಣುವುದು ಉಳಿದ ಹಾಳೆ ಮಾತ್ರ. ಹೋದ ಹಾಳೆಯ ಫೋಟೋ ಯಾವ ಯಂತ್ರವೂ ತೆಗೆಯದು.

ಆದ್ದರಿಂದ ಒಂದು ಕೋರಿಕೆ. ಅಟ್ಟದ ಮೇಲಿನ ಗಂಟನ್ನು ಗುಜರಿಗೆ ಹಾಕುವ ಮುನ್ನ ಬಿಚ್ಚಿ, ಓದಬಲ್ಲವರಿಗೆ ತೋರಿಸಿ. ಆಮೇಲೆ ಹತ್ತು ರೂಪಾಯಿ ಖರ್ಚು ಮಾಡಿ ಮಾಹಿತಿ ಹಕ್ಕಿನಡಿ ನಿಮ್ಮೂರ ಕೆರೆಯ ಸರ್ವೆ ನಕಾಶೆಗೆ ಒಂದು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಲೇಬೇಕು. “ಕಡತ ಲಭ್ಯವಿಲ್ಲ” ಎಂದು ಬರೆದುಕೊಟ್ಟರೆ ಆ ಕಾಗದವನ್ನಾದರೂ ಜೋಪಾನವಾಗಿಡಿ, ಮೇಲ್ಮನವಿಗೆ ಬೇಕಾಗುತ್ತದೆ.