ಬುಡ ಕೇಳುವ ಭಟ್ಟರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ಎಲ್ಲದರ ಬುಡ ಕೇಳುವವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಭಟ್ಟರು. ಮೇ ತಿಂಗಳಲ್ಲೂ ಸ್ವೆಟರು. ಸಕ್ಕರೆ ಬಿಟ್ಟಿದ್ದೇನೆ ಎನ್ನುತ್ತಲೇ ನಮ್ಮ ಬಿಸ್ಕತ್ತಿಗೆ ಕೈ. ಯಾವ ಬಗ್ ಕೇಳಿದರೂ ಕಥೆ 2003ರಿಂದಲೇ ಶುರು: "ಫ್ಯಾಬ್ರಿಸ್ ಬೆಲ್ಲಾರ್ ಕ್ಯೂಎಮು ಬರೆದಾಗ..." ಅಷ್ಟರಲ್ಲಿ ಕಾಫಿ ಆರಿರುತ್ತದೆ.

ಕ್ಯೂಎಮು ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್; ಅದರಲ್ಲೂ ಅವರ ಪ್ರಾಣವೆಲ್ಲ ಬ್ಯಾಕಿಂಗ್ ಫೈಲಿನಲ್ಲಿ. ವರ್ಚುವಲ್ ಡಿಸ್ಕಿನ ಮೂಲ ಪ್ರತಿಯನ್ನು, ಅಂದರೆ ಬುಡವನ್ನು, ಮುಟ್ಟದೆ, ಬದಲಾದದ್ದನ್ನಷ್ಟೇ ಮೇಲೊಂದು ಫೈಲಿನಲ್ಲಿ ಬರೆದಿಡುವ ಏರ್ಪಾಡು ಅದು; ಪಠ್ಯಪುಸ್ತಕದ ಮೇಲೆ ಬಟರ್ ಪೇಪರ್ ಹಾಸಿ ಗೀಚಿದ ಹಾಗೆ. ಮೇಲೆ ಇಲ್ಲದ್ದನ್ನು ಕೆಳಗಿನಿಂದ ಓದಿಕೊಳ್ಳಬೇಕು.

ನಮ್ಮ ಹೊಸ ಹುಡುಗಿ ಈ ಫೈಲುಗಳನ್ನು ಓದುವ ಡ್ರೈವರಿಗೆ ನಾಲ್ಕು ಸಾಲಿನ ತಿದ್ದುಪಡಿ ತಂದಳು. ಕ್ಯಾಂಟೀನಿನಲ್ಲಿ ಭಟ್ಟರು ಚೆಲ್ಲಿದ್ದ ಸಾಂಬಾರಿನಲ್ಲೇ ಬೆರಳದ್ದಿ ಮೇಜಿನ ಮೇಲೆ ಎರಡು ಚೌಕ ಬರೆದರು.

"ಬುಡದ್ದು 10 ಜಿಬಿ, ಮೇಲಿನದು 20. ಹದಿನೈದನೇ ಜಿಬಿ ಇನ್ನೂ ಯಾರೂ ಬರೆದಿಲ್ಲ. ಓದಿದರೆ ಏನು ಕೊಡ್ತೀಯಮ್ಮ?"

"ಎರರ್ ಸಾರ್."

"ಸೊನ್ನೆ ಕೊಡಬೇಕು! ಬುಡದ ಹೆಸರು ಪೂರ್ತಿ ವಿಳಾಸ ಇಲ್ಲದೆ ಬರೆದಿದ್ದರೆ ಎಲ್ಲಿ ಹುಡುಕ್ತೀಯ?"

"ಕಮಾಂಡ್ ಕೊಟ್ಟ ಡೈರೆಕ್ಟರೀಲಿ..."

"ಮೇಲಿನ ಫೈಲ್ ಇರೋ ಡೈರೆಕ್ಟರೀಲಿ!"

ಆಮೇಲೆ ಫಾರ್ಮ್ಯಾಟ್ ಪುರಾಣ. ಬುಡದ ಫೈಲು ಯಾವ ಜಾತಿಯದೆಂದು ಡ್ರೈವರ್ ಊಹಿಸಹೊರಟರೆ, ಒಳಗೆ ಓಡುವ ಕಿಲಾಡಿ ಗೆಸ್ಟ್ ತನ್ನ ಹೆಡರಿಲ್ಲದ ಕಚ್ಚಾ ಡಿಸ್ಕಿನ ತಲೆಯಲ್ಲಿ ಸುಳ್ಳು ಹೆಡರ್ ಬರೆದು, ಹೊರಗಿನ ಹೋಸ್ಟ್ ಯಂತ್ರದ ಫೈಲನ್ನೇ ಬುಡವೆಂದು ತೋರಿಸಿ ಓದಿಬಿಡಬಹುದು. 2021ರ 6.1ನೇ ಆವೃತ್ತಿಯಿಂದ, ಫಾರ್ಮ್ಯಾಟ್ ಹೇಳದೆ ಬುಡ ಕೊಟ್ಟರೆ ಕ್ಯೂಎಮು ಹೊಸ ಇಮೇಜನ್ನೇ ಸೃಷ್ಟಿಸುವುದಿಲ್ಲ. ಆ ಸುದ್ದಿ ಬಂದ ದಿನ ಭಟ್ಟರು ಮೈಸೂರು ಪಾಕ್ ಹಂಚಿದ್ದರು. ಅವರ ಕೈಯಿಂದ ನಮಗೆ ತಿಂಡಿ ಬಂದದ್ದು ಅದೊಂದೇ ಸಲ.

ಹುಡುಗಿಯ ಕಣ್ಣು ತುಂಬಿತ್ತು. ನನಗೋ ಹೊಟ್ಟೆ ಉರಿಯುತ್ತಿತ್ತು. ಆದರೂ ಬಾಯಿ ತೆರೆಯಲಿಲ್ಲ, ತೆರೆದಿದ್ದರೆ ಮುಂದಿನ ಚೌಕ ನನ್ನದೇ. ಕೊನೆಗೆ ಭಟ್ಟರು ಮೇಲಿನ ಚೌಕದಿಂದ ಕೆಳಕ್ಕೊಂದು ಬಾಣ ಎಳೆದು, "ಇಷ್ಟು ನೆನಪಿಟ್ಕೊ. ಮೇಲಿನದಕ್ಕೆ ಬುಡದ ಹೆಸರು ಗೊತ್ತು. ಬುಡಕ್ಕೆ ತನ್ನ ಮೇಲೆ ಎಷ್ಟು ಜನ ಕೂತಿದ್ದಾರೆ ಅಂತ ಗೊತ್ತಿಲ್ಲ. ಅದಕ್ಕೇ ಜನ ಧೈರ್ಯವಾಗಿ ಡಿಲೀಟ್ ಮಾಡಿಬಿಡ್ತಾರೆ" ಎಂದರು.

ಬುಡದಲ್ಲೊಂದು ಅಕ್ಷರ ಬದಲಾದರೂ ಮೇಲಿನವೆಲ್ಲ ಕೆಡಬಹುದು. ಅದು ನೆಟ್ಟಗಿದ್ದಷ್ಟು ದಿನ ಯಾರೂ ಅದರ ಹೆಸರೆತ್ತುವುದಿಲ್ಲ. ಕಳೆದುಹೋಗದ ಡೇಟಾಕ್ಕೆ ಥ್ಯಾಂಕ್ಸ್ ಹೇಳುವವರು ಯಾರು? ಪ್ರಮೋಷನ್ ಪಟ್ಟಿಯಲ್ಲಿ ಭಟ್ಟರ ಹೆಸರನ್ನು ನಾನಂತೂ ಕಂಡಿಲ್ಲ. ಈಗ ಆ ಹುಡುಗಿ ಹೊಸಬರ ಕೋಡ್ ನೋಡುತ್ತಾಳೆ, ಅವಳ ಮೊದಲ ಪ್ರಶ್ನೆ, "ಬುಡ ಚಿಕ್ಕದಿದ್ದರೆ ಏನ್ಮಾಡ್ತೀರ?" ಇದು ಭಟ್ಟರಿಗೆ ಗೊತ್ತಿಲ್ಲ. ಹೇಳಬೇಕೆಂದಿದ್ದೇನೆ, ಆದರೆ ಹೇಳಹೋದರೆ 2003ರಿಂದ ಕೇಳಬೇಕಲ್ಲ!