ಬೆಂಗಳೂರಿನ ಬಚ್ಚಲುಮನೆಗಳಿಗೆ ಕೋಲಾರದಿಂದ ಒಂದು ಕಾಗದ

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಮಸ್ತ ಬಚ್ಚಲುಮನೆಗಳ ಯಜಮಾನರಿಗೆ, ಕೋಲಾರದ ಒಬ್ಬ ಮೀನುಪ್ರಿಯನ ನಮಸ್ಕಾರಗಳು.

ನಾವು ಕ್ಷೇಮ. ಕೆರೆಗಳೂ ತುಂಬಿವೆ. 2018ರ ಜೂನ್‌ನಲ್ಲಿ ನೀವು ಬಳಸಿ ಬಿಟ್ಟ ನೀರು ಪೈಪಿನಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದಿಳಿದಾಗ ಕೈ ಮುಗಿದೆವು. ಸಾವಿರದೈನೂರು ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಧೂಳೇ ಹಾರುತ್ತಿದ್ದ ಜಿಲ್ಲೆ ಸ್ವಾಮಿ ನಮ್ಮದು. ಯಾರು ಮೈ ತೊಳೆದ ನೀರು ಅಂತ ಕೇಳುವ ಗತಿ ಇರಲಿಲ್ಲ. ಮರುತಿಂಗಳೇ ನೊರೆ ಎದ್ದದ್ದು, ಹೈಕೋರ್ಟ್ ತಡೆ ಕೊಟ್ಟದ್ದು, ಆಮೇಲೆ ಮತ್ತೆ ನೀರು ಬಂದದ್ದು, ಎಲ್ಲ ಹಳೇ ಕಥೆ.

ನದಿ ಕಡಲು ಸೇರುವ ಜಾಗಕ್ಕೆ ಕರಾವಳಿಯವರು ಅಳಿವೆ ಅಂತಾರೆ. ನಮಗೆ ಕಡಲಿಲ್ಲ, ಪಾಲಾರ್ ಹೆಸರಿಗಷ್ಟೇ ಹೊಳೆ. ಕೆರೆಯ ಹೆಸರಲ್ಲಾದರೂ ಸಾಗರ ಇದೆಯಲ್ಲ ಅಂತ ನೀವೇ ಒಂದು ಅಳಿವೆ ದಯಪಾಲಿಸಿದಿರಿ. ಅಲ್ಲಿಂದ ನೀರು ನರಸಾಪುರ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ಕೋಡಿ ಹರಿದು ಕೆರೆಯಿಂದ ಕೆರೆಗೆ ಹೋಗಬೇಕು. ಕಾಗದದ ಮೇಲೆ 126 ಕೆರೆ, ದಿನಕ್ಕೆ 44 ಕೋಟಿ ಲೀಟರ್.

ಎರಡು ಹಂತದಲ್ಲಿ ಶುದ್ಧಮಾಡಿ ಕಳಿಸುವುದು ಅಂತ ಯೋಜನೆ ಶುರುವಾಯಿತು. ಮೂರನೇ ಹಂತವನ್ನು ನಮ್ಮ ಮೀನುಗಳಿಗೆ ವಹಿಸಿದಿರಿ.

ಪಾಪ, ಅವೂ ದುಡಿಯುತ್ತಿವೆ. ಸೋಪಿನ ರಂಜಕ, ಪಾಯಿಖಾನೆಯ ಸಾರಜನಕ ನೀರಲ್ಲಿ ಉಳಿದರೆ ಪಾಚಿಗೆ ಹಬ್ಬ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ಕೋಳಿ ಕೂಗುವ ಹೊತ್ತಿಗೆ ಕಟ್ಟೆ ಮೇಲೆ ನಿಂತು ನೋಡಿ: ಕಾಟ್ಲಾಗಳು ನೀರ ಮೇಲೆ ಮೂತಿ ಇಟ್ಟು ಪಚಪಚ ಬಾಯಿ ಬಡಿಯುತ್ತಿರುತ್ತವೆ. ಕೊರಮೀನಿಗೆ ಮೇಲೆ ಬಂದು ಗಾಳಿ ಕುಡಿಯುವ ವಿದ್ಯೆ ಗೊತ್ತು. ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಇನ್ನೂ ಚೆನ್ನಾಗಿ ಗೊತ್ತು. ಜಿಲೇಬಿ ಮೀನಿಗಂತೂ ಎಂಥಾ ನೀರಾದರೂ ಮಾವನ ಮನೆ. ಕೆರೆಯಲ್ಲಿ ಮೀನಿದೆಯಾ ಅಂದರೆ ಬೇಕಾದಷ್ಟಿದೆ. ಯಾವ ಮೀನು ಅಂತ ಮಾತ್ರ ಕೇಳಬಾರದು.

ಅಂತರಗಂಗೆಯೂ ಎರಡಾಗಿದೆ. ನಮ್ಮ ಬೆಟ್ಟದ ತೀರ್ಥ ಬಸವನ ಬಾಯಿಂದ ಸುರಿಯುತ್ತದೆ. ಕೆರೆಯದ್ದು ತೇಲುವ ಕಳೆ, ನಿಮ್ಮ ಸೋಪುಂಡು ಹಸಿರಾಗಿ ಹಬ್ಬಿಕೊಳ್ಳುತ್ತದೆ. ಅದರಡಿ ಬಿಸಿಲೂ ಇಳಿಯದು, ಬಲೆಯೂ ಇಳಿಯದು.

ಲೆಕ್ಕ ಸರಿಯಾಗಿಯೇ ಇದೆ ಬಿಡಿ. ನಾವು ಹಾಲು, ಟೊಮೆಟೊ, ಸೊಪ್ಪು ಕಳಿಸುತ್ತೇವೆ. ನೀವು ಅವನ್ನು ತೊಳೆದ ನೀರನ್ನೇ ವಾಪಸು ಕಳಿಸುತ್ತೀರಿ. ಸೋಪಿನ ಬ್ರ್ಯಾಂಡ್ ಬದಲಾಯಿಸುವಾಗ ಒಂದು ಮಾತು ತಿಳಿಸಿದರೆ ಮೀನುಗಳಿಗೆ ಹೇಳಿಬಿಡುತ್ತೇವೆ.

ಇಂತಿ ತಮ್ಮ ವಿಧೇಯ,
ಕೆರೆಯ ಕೆಳಗಿನವನು

ಮತ್ತೆ: ಒಂದು ಭಾನುವಾರ ಊಟಕ್ಕೆ ಬನ್ನಿ. ರಾಗಿ ಮುದ್ದೆ, ಮೀನುಸಾರು ಮಾಡಿಸುತ್ತೇವೆ. ಮೀನು ನಮ್ಮ ಕೆರೆಯದೇ. ಕುಡಿಯುವ ನೀರು ಮಾತ್ರ ಕ್ಯಾನಿನದು.