ನಾನೂ ಒಂದು ಕೆರೆ ತೋಡಿಸಿದೆ

ಮೂಡಿಗೆರೆ ಕಡೆ ಈಗ ಕೆರೆ ಇಲ್ಲದವನನ್ನು ಪ್ಲಾಂಟರ್ ಅಂತ ಯಾರೂ ಒಪ್ಪುವುದಿಲ್ಲ. ಮೊದಲು ಜೀಪು ಬೇಕಿತ್ತು. ಆಮೇಲೆ ಹೋಂಸ್ಟೇ ಬೇಕಾಯಿತು. ಈಗ ಹೋಂಸ್ಟೇ ಹಿಂದೆ ಕೆರೆ, ಕೆರೆಯಲ್ಲಿ ಮೀನು, ದಡದಲ್ಲಿ ಗಾಳ ಹಿಡಿದು ಕೂತ ಬೆಂಗಳೂರಿನವನೊಬ್ಬ, ಇಷ್ಟೂ ಇದ್ದರೆ ಮದುವೆಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ. ನನ್ನ ಭಾವ ಕಳಸದವರು. ರಾತ್ರಿ ಮಲಗಿದರೆ ಭದ್ರೆ ಹರಿಯುವ ಸದ್ದು ಕಿವಿಗೆ ಬೀಳುವಷ್ಟು ಹತ್ತಿರ ಅವರ ಮನೆ. ಅಂಥವರೂ ಹಿತ್ತಲಲ್ಲಿ ಕೆರೆ ತೋಡಿಸಿ, "ನಿನ್ ಹತ್ರ ಕೆರೆ ಇಲ್ವೇನೋ ಮಾರಾಯ?" ಅಂದರು. ಮನೇಲಿ ಕಕ್ಕಸು ಇಲ್ವಾ ಅಂತ ಕೇಳಿದ ಹಾಗಿತ್ತು.

ನನ್ನ ಮನೆ ಹಿಂದೆ ಮುಕ್ಕಾಲು ಎಕರೆ ಗದ್ದೆ. ಅಪ್ಪ ಇರುವವರೆಗೆ ಭತ್ತ ಬೆಳೆದೆವು. ಆಮೇಲೆ ನಾಟಿಗೆ ಆಳು ಸಿಗಲಿಲ್ಲ, ಸಿಕ್ಕಿದ ವರ್ಷ ಹಂದಿ ಬಿಡಲಿಲ್ಲ, ಹಂದಿ ಬಿಟ್ಟಿದ್ದನ್ನು ಆನೆ ತುಳಿಯಿತು. ಹಡ್ಲು ಬಿಟ್ಟೆ. ಆದರೆ ಆ ಗದ್ದೆಗೆ ಇನ್ನೊಂದು ಬೆಳೆಯೂ ಇತ್ತು. ಜೂನ್‌ನಲ್ಲಿ ಮೊದಲ ಮಳೆ ಜಡಿದು ಹಳ್ಳ ಕೆಂಪಾದ ರಾತ್ರಿ, ಹೇಮಾವತಿಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುಮೀನು ಹತ್ತುತ್ತಿದ್ದವು. ಮೊಟ್ಟೆ ಇಡಲು ತವರಿಗೆ ಬರುವ ಬಸುರಿಯರು. ಅಪ್ಪ ನೀರಿನ ಕಂಡಿಗೆ ಬಿದಿರಿನ ಕೂಣಿ ಒಡ್ಡಿ ಬಂದು ಮಲಗುತ್ತಿದ್ದರು. ಬೆಳಗ್ಗೆ ಎತ್ತಿದರೆ ಕುಚ್ಚು, ಮುರುಗೋಡು, ನಡುವೆ ಸಿಕ್ಕಿಬಿದ್ದು ಸಿಟ್ಟಾದ ಒಂದು ಏಡಿ. ಬಸುರಿಯನ್ನು ಹಿಡಿದು ಹುರಿದು ತಿಂದವರೂ ನಾವೇ, ಮೀನು ಕಮ್ಮಿ ಆಯ್ತು ಅಂತ ಗೊಣಗಿದವರೂ ನಾವೇ. ಉಳಿದದ್ದನ್ನು ಪಲ್ಪರ್ ನೀರು ನೋಡಿಕೊಂಡಿತು. ಕಾಫಿ ಹಣ್ಣಿನ ಲೋಳೆ ಹಳ್ಳಕ್ಕೆ ಇಳಿದು ಹುಳಿ ಬಂದರೆ ನೀರಿನ ಉಸಿರೇ ನಿಲ್ಲುತ್ತದೆ. ಈಗ ನಮಗೆ ಹತ್ತುಮೀನು ಅಂದರೆ ಐಸ್ ಪೆಟ್ಟಿಗೆಯಲ್ಲಿ ಕೂತು ಚಾರ್ಮಾಡಿ ಘಾಟಿ ಹತ್ತುವ ಬಂಗುಡೆ ಮತ್ತು ಭೂತಾಯಿ.

ಭಾವ ಮೊದಲು ಹೇಳಿದ್ದು ಗುಡ್ಡದ ನೆತ್ತಿ. "ವ್ಯೂ ಇರ್ತದೆ." ಗುಡ್ಡದ ಹೊಟ್ಟೆಗೆ ನೀರು ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆಯಲ್ಲಿ ಕಣ್ಣಾರೆ ಕಂಡ ಊರು ಇದು. ಆದರೂ ನೆತ್ತಿಯ ಮೇಲೆ ಶೀಟು ಹಾಸಿ ಲಕ್ಷಗಟ್ಟಲೆ ಲೀಟರ್ ನಿಲ್ಲಿಸಿದವರಿದ್ದಾರೆ. ಅದರ ಕೆಳಗಿನ ಲೈನ್ ಮನೆಗಳಲ್ಲಿ ಮಲಗುವ ಆಳುಗಳಿಗೂ ಒಂದು ವ್ಯೂ ಇದೆ, ಅದು ಮೇಲ್ಮುಖ. ನನಗೆ ಹೆದರಿಕೆಯಾಗಿ ಹಡ್ಲಿಗೇ ಇಳಿದೆ.

ಹಿಟಾಚಿ ಬಂತು. ಡ್ರೈವರ್ ಹುಡುಗ ಮೊದಲ ಬಕೆಟ್ ಎತ್ತಿ, ಕಪ್ಪು ಮಣ್ಣಿನಲ್ಲಿ ಒದ್ದಾಡುತ್ತಿದ್ದ ಒಂದು ಮುರುಗೋಡನ್ನು ನೋಡಿ ಯಂತ್ರ ನಿಲ್ಲಿಸಿದ. "ಇಲ್ಲಿ ಮುಂಚಿಂದ್ಲೂ ಮೀನು ಇದ್ವಲ್ಲ ಸಾವ್ಕಾರ್ರೆ, ಮತ್ತೆ ಯಾಕೆ ತೋಡ್ಸದು?"

"ಮೀನು ಸಾಕಕ್ಕೆ ಕಣೋ."

ಅವನು ಏನೂ ಅನ್ನಲಿಲ್ಲ. ಗಂಟೆ ಲೆಕ್ಕದ ಬಾಡಿಗೆ, ಯೋಚನೆ ಮಾಡುತ್ತಾ ಕೂತರೆ ನನ್ನ ದುಡ್ಡೇ ಹೋಗುತ್ತಿತ್ತು.

60 ಅಡಿ ಉದ್ದ, 60 ಅಡಿ ಅಗಲ, 10 ಅಡಿ ಆಳ. ಬದಿ ಕುಸಿಯದಂತೆ ಇಳಿಜಾರು ಬಿಟ್ಟರೆ ಸುಮಾರು 7 ಲಕ್ಷ ಲೀಟರ್ ನೀರು. ಫೆಬ್ರವರಿ ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ರೋಬಸ್ಟಾಗೆ ಹೂವು ಬಿಡಿಸಲು ಸ್ಪ್ರಿಂಕ್ಲರ್ ಹೊಡೆಯಬೇಕು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಹತ್ತಿರಹತ್ತಿರ 1 ಲಕ್ಷ ಲೀಟರ್. ನನ್ನ ರೋಬಸ್ಟಾ 7 ಎಕರೆ. ಏಳರಲ್ಲಿ ಏಳು ಕಳೆದರೆ ಮೀನಿನ ಪಾಲಿಗೆ ಎಷ್ಟು ಅನ್ನುವುದು ಮೂರನೇ ಕ್ಲಾಸಿನ ಲೆಕ್ಕ. ಆದರೆ ಕನಸು ಕಾಣುವವನು ಕೂಡುತ್ತಾನೆ, ಗುಣಿಸುತ್ತಾನೆ, ಕಳೆಯಲು ಮಾತ್ರ ಹೋಗುವುದಿಲ್ಲ.

ಗುಣಾಕಾರವನ್ನು ಭಾವ ಮಾಡಿಕೊಟ್ಟರು. 500 ಮರಿ, ವರ್ಷಕ್ಕೆ ತಲಾ ಒಂದು ಕೆ.ಜಿ., ಅರ್ಧ ಟನ್. ಕಾಟ್ಲಾ ಮೇಲ್ಗಡೆ ತಿನ್ನುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ, ಜಗಳವೇ ಇಲ್ಲ. ಅವಿಭಕ್ತ ಕುಟುಂಬದ ಬಗ್ಗೆಯೂ ನಮ್ಮ ಹಿರಿಯರು ಹೀಗೇ ಹೇಳುತ್ತಿದ್ದರು. ಹೆಕ್ಟೇರಿಗೆ 5000 ಮರಿ ಅನ್ನುವುದು ಮೀನುಗಾರಿಕೆಯವರ ಸಾಧಾರಣ ಲೆಕ್ಕ. ಅದರ ಪ್ರಕಾರ ನನ್ನ ಗುಂಡಿಗೆ 170 ಸಾಕು. "ಸಾಯೋವು ಸಾಯ್ತವೆ ಮಾರಾಯ, ಜಾಸ್ತಿ ಬಿಡು" ಅಂದರು. ಬಾಬಾ ಬುಡನ್ ಏಳೇ ಬೀಜ ತಂದು ಈ ಗುಡ್ಡಗಳನ್ನೆಲ್ಲ ಕಾಫಿ ಮಾಡಿದರು. ಅವರಿಗೆ ಭಾವ ಇರಲಿಲ್ಲ ಅಂತ ಕಾಣುತ್ತದೆ.

ಬಿ.ಆರ್. ಪ್ರಾಜೆಕ್ಟ್ ಕಡೆಯಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ಬಂದವು. ಚೀಲವನ್ನು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಬಿಸಿ ಹೊರಗಿನ ತಂಪು ಒಂದಾದ ಮೇಲೆ ಬಾಯಿ ತೆರೆಯಬೇಕು. ಮಲೆನಾಡಿನ ಮಣ್ಣು ಹುಳಿ ಅಂತ ಮೊದಲೇ ಸುಣ್ಣ ಎರಚಿದ್ದೆ, ಸಗಣಿ ಕದಡಿದ್ದೆ, ತೌಡು ಮತ್ತು ಕಡಲೆ ಹಿಂಡಿ ತಂದಿಟ್ಟಿದ್ದೆ. ಹೆಂಡತಿ ಕಟ್ಟೆ ಮೇಲೆ ನಿಂತು ನೋಡಿ, "ನನ್ ಬಾಣಂತನಕ್ಕೂ ಇಷ್ಟು ಓಡಾಡಿರ್ಲಿಲ್ಲ ನೀವು" ಅಂದಳು.

ಈ ನಡುವೆ ನಾನು ತೇಜಸ್ವಿಯೂ ಆದೆ. ಮೂಡಿಗೆರೆಯಲ್ಲಿ ಗಾಳ ಹಿಡಿದ ಪ್ರತಿಯೊಬ್ಬನಿಗೂ ಈ ಕಾಯಿಲೆ ಬರುತ್ತದೆ. ಗಡ್ಡ ಬಿಟ್ಟೆ, ಟೊಪ್ಪಿ ಕೊಂಡೆ, ರೀಲು ಸುತ್ತುವ ರಾಡು ತರಿಸಿದೆ. ಅವರು ಮೀನು ಎಲ್ಲಿದೆ ಅಂತ ನದಿ ಹುಡುಕಿಕೊಂಡು ಹೋಗಿ, ಸಿಗದಿದ್ದರೂ ದಿನವಿಡೀ ಕೂರುತ್ತಿದ್ದರು. ನಾನು ಎಣಿಸಿ ಬಿಟ್ಟ ಮೀನನ್ನು ಅಡುಗೆಮನೆ ಕಿಟಕಿಯ ಕೆಳಗೇ ಹಿಡಿಯಬೇಕು, ಅದೂ ಹಿಂಡಿ ಹಾಕುವ ಹೊತ್ತಿಗೆ. ಇದಕ್ಕಿಂತ ಕೋಳಿಗೂಡಿಗೆ ಕೋವಿ ಹಿಡಿದು ನುಗ್ಗುವುದು ಹೆಚ್ಚು ಗಂಡಸುತನ.

ಮಳೆ ಜೋರಾಯಿತು. ಸಖರಾಯಪಟ್ಟಣದ ಅಯ್ಯನಕೆರೆ ಕಟ್ಟಿದ ಹಳಬರು ನೀರು ಹೇಗೆ ಬರುತ್ತದೆ ಎಂಬುದಕ್ಕಿಂತ ಹೇಗೆ ಹೋಗುತ್ತದೆ ಎಂದು ಯೋಚಿಸಿದ್ದರು. ನಾನು ಯೋಚಿಸಿದ್ದು ಸೆಲ್ಫಿ ಕಟ್ಟೆ. ಕೋಡಿ ಅಂತ ಒಂದು ಪೈಪು ತೂರಿಸಿ, ಮೀನು ಹೋಗದಂತೆ ಬಾಯಿಗೆ ಬಲೆ ಕಟ್ಟಿದ್ದೆ. ಜುಲೈ ರಾತ್ರಿ ಆ ಬಲೆಗೆ ಸಿಲ್ವರ್ ಓಕ್ ಎಲೆಗಳು ಬಂದು ಒಂದರ ಮೇಲೊಂದು ಅಂಟಿಕೊಂಡು ಚಾಪೆಯಾಗಿ, ಪೈಪು ಕಟ್ಟಿ, ನೀರು ಏರಿಯ ಮೇಲೇ ಹೊರಟಿತು. ಟಾರ್ಚ್ ಹಿಡಿದು ಓಡಿದೆ. ಏರಿಯ ಹುಲ್ಲಿನಲ್ಲಿ ಮರಿಗಳು ಬೆಳ್ಳಗೆ ಮಿಂಚುತ್ತಾ ಸಾಲಾಗಿ ಜಾರಿ ಹೋಗುತ್ತಿದ್ದವು. ಕೆಳಗಿನ ತೋಟದ ಅಣ್ಣ ಹಳ್ಳಕ್ಕೆ ಕೂಣಿ ಒಡ್ಡಿದ್ದರಂತೆ. ಮಾರನೇ ದಿನ ಅವರ ಮನೆಗೆ ದೂರು ಹೇಳಲು ಹೋದವನಿಗೆ ಅಕ್ಕಿರೊಟ್ಟಿ, ಮೀನುಸಾರು ಬಡಿಸಿದರು. "ಈ ಸಲ ಹಳ್ಳದಲ್ಲಿ ಯಾವ್ದೋ ಹೊಸ ಜಾತಿ ಹತ್ತಿದೆ ಮಾರಾಯ, ಮುಳ್ಳು ಜಾಸ್ತಿ" ಅಂದರು. ಎರಡು ರೊಟ್ಟಿ ಹೆಚ್ಚು ತಿಂದೆ.

ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಸಿದೆ. ಕೆರೆ ಇರುವಾಗ ಡ್ರಮ್ಮಿಗೆ ನೀರು ಬೇರೆಲ್ಲಿಂದ ತರುತ್ತಾರೆ? ಸಂಜೆ ಆಳುಗಳು ಪಂಪು, ಪೈಪು, ಡ್ರಮ್ಮು ಎಲ್ಲವನ್ನೂ ಅದೇ ಕೆರೆಯಲ್ಲಿ ತೊಳೆದು ಚೊಕ್ಕ ಮಾಡಿಟ್ಟರು. ಹಾಗೆ ಮಾಡಬೇಡಿ ಅಂತ ಹೇಳದಿದ್ದವನು ನಾನೇ. ಮೈಲುತುತ್ತದ ತಾಮ್ರ ಮೀನಿನ ಕಿವಿರಿಗೆ ವಿಷ. ಬೆಳಗ್ಗೆ ನೀರು ನವಿಲಿನ ಬಣ್ಣ, ಮೀನು ಅಂಗಾತ. ಉಳಿದವನ್ನು ನೀರುನಾಯಿ ಕಂಡಿತು. ಅದಕ್ಕೆ ಕಾನೂನಿನ ರಕ್ಷಣೆ ಇದೆ, ಹಸಿವೂ ಇದೆ. ಮುಂಡ ತಿಂದು, ತಲೆಗಳನ್ನು ಮಾತ್ರ ಸೆಲ್ಫಿ ಕಟ್ಟೆ ಮೇಲೆ ಬಿಟ್ಟು ಹೋಗುತ್ತಿತ್ತು.

ಅಷ್ಟರಲ್ಲಿ ಹೆಂಡತಿಯ ಕಡೆಯ ನೆಂಟರು ಬೆಂಗಳೂರಿನಿಂದ ಬಂದರು. ಬೆಳಗ್ಗೆ ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬಂದವರು, ಮಧ್ಯಾಹ್ನ ನನ್ನ ಕೆರೆಗೆ ಗಾಳ ಹಾಕಿ, "ಫ್ರೈಗೆ ಎಷ್ಟು ಹೊತ್ತಾಗುತ್ತೆ ಅಂಕಲ್?" ಅಂತ ಕೇಳಿದರು. ನಾಲ್ಕು ಗಂಟೆ ಕೂತು ಹಿಡಿದದ್ದು ಒಂದು ಏಡಿ. ಚಾರ್ಮಾಡಿ ಹತ್ತಿ ಬಂದ ಬಂಗುಡೆಯನ್ನೇ ಹುರಿದು, ನಮ್ಮ ಕೆರೆಯದು ಅಂತ ಬಡಿಸಿದೆವು. "ಸಿಹಿನೀರಿನ ಮೀನಿನ ರುಚಿಯೇ ಬೇರೆ" ಅಂದರು.

ಫೆಬ್ರವರಿ ಮುಗಿಯಿತು. ಮಳೆ ಇಲ್ಲ. ರೋಬಸ್ಟಾ ಮೊಗ್ಗು ಗಿಡದಲ್ಲೇ ಒಣಗುವ ಹಾಗೆ ಕಾಣುತ್ತಿತ್ತು. ಈಗಿನ ಧಾರಣೆಯಲ್ಲಿ ಒಂದು ಫಸಲು ಬಿಟ್ಟುಕೊಡುವಷ್ಟು ಮೀನುಪ್ರೀತಿ ನನಗಿಲ್ಲ. ಮೋಟರ್ ಹಾಕಿಸಿದೆ. ಮೂರನೇ ದಿನಕ್ಕೆ ಫುಟ್‌ವಾಲ್ವ್ ಸುತ್ತ ಮೊಣಕಾಲುದ್ದ ಕೆಸರು, ಅದರಲ್ಲಿ 23 ಮೀನು, ಅಂಗೈಗಿಂತ ಒಂದಿಷ್ಟು ದೊಡ್ಡವು. ಆಳುಗಳ ಮಕ್ಕಳು ಕೈಯಲ್ಲೇ ಹಿಡಿದರು. ಹಿಟಾಚಿ, ಹಿಂಡಿ, ಟೊಪ್ಪಿ ಎಲ್ಲ ಸೇರಿಸಿ 23ರಿಂದ ಭಾಗಿಸಿದೆ. ಹೆಂಡತಿಗೆ ಹೇಳಲಿಲ್ಲ.

ಏಳನೇ ಎಕರೆಯ ಕೊನೇ ಜೆಟ್ ತಿರುಗಿ ನಿಂತದ್ದು ಸಂಜೆ ಆರಕ್ಕೆ. ಒಂಬತ್ತು ಗಂಟೆಗೆ ಗಾಳಿ ಎದ್ದಿತು, ಕರೆಂಟು ಹೋಯಿತು, ಹಂಚಿನ ಮೇಲೆ ಕಲ್ಲು ಸುರಿದ ಹಾಗೆ ಮಳೆ. ಒಂದೂವರೆ ಗಂಟೆ ಬಿಡದೆ ಹೊಡೆಯಿತು. ಬುಡ್ಡಿ ಬೆಳಕಿನಲ್ಲಿ 23ರ ಸಾರು ಉಣ್ಣುತ್ತಿದ್ದೆ, ಬಾಯಲ್ಲಿ ಮುಳ್ಳು ಸಿಕ್ಕಿತ್ತು. ಕಳಸದಿಂದ ಫೋನು ಬಂತು.

"ನಮ್ಗೆ ಒಂದ್ ಇಂಚು ಮೂವತ್ತು ಸೆಂಟ್ಸ್ ಮಾರಾಯ! ನಿಂಗೆಷ್ಟು?"